ಗೋಮಾಳಕ್ಕೂ ಬಿಡುವು ಬೇಕು

ಮಾನ್ಯರೇ,

ಮುಂಗಾರಿನ ಮೊದಲ ಮಳೆ ಬಿದ್ದು ವಾರವಾಗುವಷ್ಟರಲ್ಲಿ ನಾಗಮಂಗಲ ತಾಲ್ಲೂಕಿನ ನಮ್ಮೂರ ಗೋಮಾಳಕ್ಕೆ ಇಡೀ ಊರಿನ ದನ ನುಗ್ಗುತ್ತವೆ. ಗರಿಕೆ ಬೆರಳುದ್ದ ಆಗುವ ಮೊದಲೇ ಬುಡದವರೆಗೆ ಸವೆದು, ಆ ಜಾಗದಲ್ಲಿ ದನ ಮೂಸಿಯೂ ನೋಡದ ಲಂಟಾನ, ಪಾರ್ಥೇನಿಯಂ ಎದ್ದು ನಿಲ್ಲುತ್ತವೆ. ನೂರು ದನಗಳಿಗೆ 30 ಎಕರೆ ಗೋಮಾಳ ಇರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಒತ್ತುವರಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಉಳಿದ ನೆಲವನ್ನು ನಾವೇ ಮೇಯಿಸಿ ಬರಡು ಮಾಡುತ್ತಿರುವ ಮಾತನ್ನು ಯಾರೂ ಎತ್ತುವುದಿಲ್ಲ.

ಗೋಮಾಳವನ್ನು ಮೂರು ನಾಲ್ಕು ಪಾಲು ಮಾಡಿ, ಒಂದರಲ್ಲಿ ಮೇಯಿಸುವಾಗ ಉಳಿದವನ್ನು ಬಿಟ್ಟರೆ ಹುಲ್ಲು ಬೇರು ಹಿಡಿದು ಮತ್ತೆ ಚಿಗುರುತ್ತದೆ. ಇದಕ್ಕೆ ತಂತಿಬೇಲಿ ಬೇಕಿಲ್ಲ, ಊರಿನ ಒಪ್ಪಂದ ಸಾಕು (ತಂತಿಯೇ ಸುಲಭ ಎನ್ನುವವರೂ ಇದ್ದಾರೆ!).

ಅಷ್ಟು ದಿನ ಮೇವು? ಮದ್ದೂರು, ಮಂಡ್ಯ ಕಡೆಯ ಗದ್ದೆಗಳ ಭತ್ತದ ಹುಲ್ಲಿದೆ. ಬರಿದೇ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಆ ಕೊರತೆ ನೀಗಲು 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ 3 ವಾರ ಇಡಬೇಕು. ತೆರೆದಾಗ ಮೂಗಿಗೆ ಹೊಡೆಯುವ ಘಾಟು ಆರಿದ ಮೇಲೆಯೇ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಎಳೆಗರುಗಳಿಗೆ ಮಾತ್ರ ಕೂಡದು.

ಪಶು ಆಸ್ಪತ್ರೆಗಳು ಬೇಸಿಗೆಗೆ ಮುನ್ನ ಊರೂರಲ್ಲಿ ಇದರ ಪ್ರಾತ್ಯಕ್ಷಿಕೆ ನಡೆಸಲಿ. ಮೇಯಿಸುವ ಸರದಿಯನ್ನು ಗ್ರಾಮಸಭೆಯಲ್ಲೇ ಗೊತ್ತುಮಾಡಲಿ.

– ಹಳ್ಳಿಕಾರ್ ದನ ಸಾಕುವ ಒಬ್ಬ ರೈತ, ನಾಗಮಂಗಲ ತಾಲ್ಲೂಕು