ಅಜ್ಜನ ಮನೆಗೆ ಗಿಲಾಯಿ ಮಾಡಿಸುವ ಮೊದಲು

ಪ್ರಿಯ ಗೆಳೆಯಾ,

ಶಿರಸಿಯ ಹತ್ತಿರದ ನಿನ್ನ ಅಜ್ಜನ ಮನೆಯನ್ನು ಪ್ರವಾಸಿಗರ ವಸತಿಗೃಹವಾಗಿ ಮಾರ್ಪಡಿಸುವ ಯೋಚನೆಯಿದೆಯೆಂದು ನೀನು ಬರೆದಾಗ ಸಂತೋಷಕ್ಕಿಂತ ಹೆಚ್ಚಾಗಿ ಆತಂಕವಾಗಿತ್ತು. ಕಳೆದ ವಾರ ಕಾರವಾರದಲ್ಲಿ, ಹೋಟೆಲಾಗಿ ಬದಲಾಗಿರುವ ಬ್ರಿಟಿಷರ ಕಾಲದ ಬಂಗಲೆಯೊಂದರಲ್ಲಿ ಎರಡು ರಾತ್ರಿ ಉಳಿದು ಬಂದ ಮೇಲೆ ಆ ಆತಂಕಕ್ಕೆ ಕಾರಣವೇನೆಂಬುದು ನನಗೇ ಸ್ಪಷ್ಟವಾಯಿತು.

1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ಕಾರವಾರದಲ್ಲಿ ಅಧಿಕಾರಿಗಳ ವಾಸಕ್ಕೆಂದು ಎದ್ದ ಮನೆಗಳ ಮಾದರಿಯದು ಈ ಬಂಗಲೆ: ಚಿರೆಕಲ್ಲಿನ (ಜಂಬಿಟ್ಟಿಗೆಯ) ದಪ್ಪ ಗೋಡೆ, ಎತ್ತರದ ಮಾಡು (ಛಾವಣಿ), ಕಡಲಿನ ಕಡೆಗೆ ಅಗಲವಾದ ಜಗಲಿ. (ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆಗಿರಲು ತರುಣ ರವೀಂದ್ರನಾಥ ಠಾಕೂರರು ಬಂದಿದ್ದ ಊರಿದು.)

ಮೊದಲ ರಾತ್ರಿ ನನಗೆ ಕೊಟ್ಟದ್ದು ಕೆಳಗಿನ ಕೋಣೆ. ದೊಡ್ಡ ಕೋಣೆಯೊಂದನ್ನು ಪ್ಲೈವುಡ್ಡಿನಿಂದ ಎರಡಾಗಿ ಸೀಳಿ, ಮೂಲೆಯಲ್ಲಿ ಸ್ನಾನಗೃಹ ಕೂರಿಸಿ, ಗೋಡೆಗಳಿಗೆ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡಿ ಬಣ್ಣ ಬಳಿದಿದ್ದರು. ಬಣ್ಣ ಹೊಪ್ಪಳಿಕೆಯೆದ್ದು, ನೆಲದಿಂದ ಸೊಂಟದೆತ್ತರದವರೆಗೆ ಬಿಳಿಯ ಉಪ್ಪು ಹೂವಿನಂತೆ ಅರಳಿತ್ತು. ಚಿರೆಕಲ್ಲು ಸಣ್ಣ ಸಣ್ಣ ರಂಧ್ರಗಳ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಆ ತೇವ ಹೊರಹೋಗಲು ದಾರಿ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಮರುದಿನ ಹಿತ್ತಿಲ ಗೋಡೆಯ ಸಿಮೆಂಟನ್ನು ಉಳಿಯಿಂದ ಕೀಳುತ್ತಿದ್ದ ಮೇಸ್ತ್ರಿಯ ಬಳಿ ನಿಂತು ನೋಡಿದೆ. ಕಿತ್ತುಬಂದ ಪ್ರತಿ ಚಕ್ಕೆಗೂ ಕಲ್ಲಿನ ಕೆಂಪು ಮೈ ಅಂಟಿಕೊಂಡೇ ಬರುತ್ತಿತ್ತು. ಆ ದೃಶ್ಯ ಕಂಡು ನನಗೆ ನಿಜವಾಗಿಯೂ ನೋವಾಯಿತು.

ಎರಡನೆಯ ರಾತ್ರಿ ಬೇಡಿಕೊಂಡು ಮಹಡಿಗೆ ಹೋದೆ. ಅಲ್ಲಿ ಸುಣ್ಣದ ಗೋಡೆ ಹಾಗೆಯೇ ಉಳಿದಿತ್ತು, ಮಾಡಿಗೆ ಅಡ್ಡವಾಗಿ ಯಾವ ಹಲಗೆಯನ್ನೂ ಹೊಡೆದಿರಲಿಲ್ಲ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ನಮ್ಮ ಕರಾವಳಿಯ ಮಾಡುಗಳನ್ನೆಲ್ಲ ಹೇಗೆ ಕೆಂಪಾಗಿಸಿತೆಂಬುದು ನಿನಗೆ ಗೊತ್ತೇ ಇದೆ. ಮಲಗಿದಲ್ಲಿಂದಲೇ ಹೆಂಚಿನ ಒಳಮೈಯ ಅಚ್ಚಕ್ಷರಗಳು ಕಾಣುತ್ತಿದ್ದವು. ನಡುರಾತ್ರಿ ಪಡುವಣದಿಂದ ಮಳೆ ಬಂತು. ಹೆಂಚಿನ ಸಂದಿನಲ್ಲಿ ಗಾಳಿ ಸುಳಿಯುತ್ತಿತ್ತು, ಸಣ್ಣ ತುಂತುರು ಮುಖಕ್ಕೂ ತಾಗಿತು. ಆದರೂ ಕೋಣೆಯಲ್ಲಿ ಮುಗ್ಗಲು ವಾಸನೆಯೆಂಬುದೇ ಇರಲಿಲ್ಲ. ಅಷ್ಟು ನೆಮ್ಮದಿಯ ನಿದ್ದೆ ಬಹಳ ದಿನಗಳಿಂದ ಬಂದಿರಲಿಲ್ಲ.

ನಿನ್ನ ಮನೆಯದು ಮಣ್ಣಿನ ಗೋಡೆ, ಆದ್ದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಡುಮನೆಯೊಳಗೆ ನೀರಿನ ಕೊಳವೆ ತರಬೇಡ. ಹಿರಿಯರು ಬಚ್ಚಲನ್ನು ಹಿಂದಕ್ಕೆ, ಮನೆಯ ಮೈಯಿಂದ ಆದಷ್ಟು ದೂರಕ್ಕೆ ಇಟ್ಟದ್ದು ಸುಮ್ಮನೆ ಅಲ್ಲ. ಸ್ನಾನಗೃಹಗಳನ್ನೆಲ್ಲ ಈಗ ಖಾಲಿ ಬಿದ್ದಿರುವ ಕೊಟ್ಟಿಗೆಯ ಜಾಗದಲ್ಲಿ ಕಟ್ಟಿಸಿ, ಮನೆಯಿಂದ ಅಲ್ಲಿಗೆ ಒಂದು ಮಾಡು ಇಳಿಸಿದರೆ ಸಾಕು. ನಾಲ್ಕು ಹೆಜ್ಜೆ ನಡೆಯಲು ಒಲ್ಲದ ಅತಿಥಿ ಬಾರದಿದ್ದರೂ ಚಿಂತೆಯಿಲ್ಲ. ಮರದ ಕಂಬಗಳಾದ ಮುಂಡಿಗೆಗಳಿಗೆ ಹೊಳಪಿನ ಬಣ್ಣ ಬೇಡ, ಸಾಮಾನಿಡುವ ಮರದ ನಾಗಂದಿಗೆಯನ್ನು ಕೀಳಿಸಬೇಡ. ಕೋಣೆಗಳ ಸಂಖ್ಯೆ ಆರರ ಬದಲು ಮೂರೇ ಆಗಲಿ.

ಗುತ್ತಿಗೆದಾರನಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ದಯವಿಟ್ಟು ತಡೆದುಕೋ. ಬೇಸಿಗೆಯಲ್ಲಿ ಹೆಂಚು ಕೈಯಾಡಿಸುವ ಹೊತ್ತಿಗೆ ನಾನು ಬರುತ್ತೇನೆ. ಗೋಡೆಗಳನ್ನು ಇಬ್ಬರೂ ಸೇರಿ ಒಂದೊಂದಾಗಿ ನೋಡೋಣ.

ಇಂತಿ ನಿನ್ನ ಗೆಳೆಯ