ತಮ್ಮನ ಆಪರೇಷನ್ ಬಗ್ಗೆ ಅಪ್ಪ ಅಮ್ಮನಿಗೆ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಈ ವಾರ ನನಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಇಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ತಮ್ಮನ ತೂಕ ಇಳಿಸುವ ಆಪರೇಷನ್ ವಿಷಯ ಎತ್ತಿದರೆ ಅಪ್ಪ, ನಿಮ್ಮ ದನಿ ಏರುತ್ತದೆ. ಅಮ್ಮ, ನೀನು ಅಳುತ್ತೀಯ. ತಮ್ಮ ಪಕ್ಕದ ರೂಮಿನಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಾನೆ. ಪತ್ರವಾದರೆ ನಿಧಾನಕ್ಕೆ ಓದಬಹುದು.

'ಬಾಯಿ ಕಟ್ಟಿದರೆ ತೂಕ ತಾನಾಗೇ ಇಳಿಯುತ್ತೆ, ಅದಕ್ಕೆ ಹೊಟ್ಟೆ ಕುಯ್ಯಿಸಿಕೋಬೇಕಾ?' ಅಂತ ಕೇಳಿದಿರಿ ಅಪ್ಪ. ಆದರೆ ತಮ್ಮ ಬಾಯಿ ಕಟ್ಟಲಿಲ್ಲವಾ? ಮದುವೆಗೆ ಮುಂಚೆ ಎರಡು ಚಪಾತಿ, ಸೌತೆಕಾಯಿಯಲ್ಲೇ ದಿನ ಕಳೆದು 20 ಕೆಜಿ ಇಳಿಸಿದ. ನಿಮ್ಮ ಕಣ್ಣೆದುರಿಗೇ ಆಗಿದ್ದು. ಆಮೇಲೆ ಅಷ್ಟೂ ವಾಪಸ್ ಬಂತು, ಅದರ ಮೇಲೆ ಇನ್ನಷ್ಟು ಸೇರಿತು. ಬಾಯಿಚಪಲ ಅಂತ ನೆಂಟರು ಆಡಿಕೊಂಡರು.

ಅದು ಬಾಯಿಚಪಲ ಅಲ್ಲ. ತೂಕ ಇಳಿದ ಹಾಗೆ ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಮೈಯಲ್ಲಿ ಏರುತ್ತದೆ. ಸುಮ್ನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಹೀಗೆ ಕಳೆದುಕೊಂಡ ತೂಕವನ್ನು ವಾಪಸ್ ತರುವುದಕ್ಕೇ ದೇಹ ಹಟ ಹಿಡಿಯುತ್ತದೆ. ತಮ್ಮ ಈಗ 132 ಕೆಜಿ. ಅವನ ಎತ್ತರಕ್ಕೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅಂತ ಅಳೆಯುವ ಲೆಕ್ಕ, ಸುಮಾರು 46 ಆಗುತ್ತದೆ. ಶುಗರ್ ಇದೆ, ಮಂಡಿನೋವಿದೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಇಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಬಿಎಂಐ 40 ದಾಟಿದವರಿಗೆ ಈ ಆಪರೇಷನ್ ಪರಿಗಣಿಸುತ್ತಾರೆ. ಶುಗರ್‌ನಂಥ ಕಾಯಿಲೆ ಜೊತೆಗಿದ್ದರೆ 35 ಸಾಕು. ನಮ್ಮ ಕಡೆಯ ಜನರಿಗೆ ಆ ಗೆರೆಯನ್ನು 2.5 ಕೆಳಗಿಳಿಸುತ್ತಾರೆ, ಯಾಕೆಂದರೆ ನಮಗೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ಕಾಯಿಲೆ ಅಂಟಿಕೊಳ್ಳುತ್ತವೆ. ಅಂದ ಮೇಲೆ ಬೆಂಗಳೂರಿನ ಡಾಕ್ಟರು ಅವನಿಗೆ ಹೇಳಿದ್ದು ದುಡ್ಡಿನ ಆಸೆಗೆ ಅಂತ ನನಗೆ ಅನ್ನಿಸುವುದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಚಿಕಿತ್ಸೆಯೂ ಅಲ್ಲ. ಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡವರು ತೂಕ ಇಳಿಯುವುದನ್ನು ನೋಡಿ, ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ 1966ರಲ್ಲೇ ಜಠರದ ಬೈಪಾಸ್ ಆಪರೇಷನ್ ಶುರುಮಾಡಿದರು. ಸ್ವೀಡನ್ನಿನಲ್ಲಿ 1987ರಿಂದ ಆಪರೇಷನ್ ಆದ 2,010 ಜನರನ್ನೂ ಆಗದ 2,037 ಜನರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಸರಾಸರಿ ಹನ್ನೊಂದು ವರ್ಷದ ಹೊತ್ತಿಗೆ ಆಪರೇಷನ್ ಆಗದವರಲ್ಲಿ 129 ಜನ, ಆದವರಲ್ಲಿ 101 ಜನ ತೀರಿಹೋಗಿದ್ದರು. ಆ 28 ಜನರ ವ್ಯತ್ಯಾಸ ನನಗೆ ದೊಡ್ಡದು ಅಪ್ಪ. ಅವರೂ ಯಾರದೋ ಮನೆ ಮಕ್ಕಳು ಅಲ್ವಾ?

ಈಗ ಹೊಟ್ಟೆ ಕುಯ್ಯುವ ಮಾತು. ಉದ್ದಕ್ಕೆ ಸೀಳುವುದಿಲ್ಲ. ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುತ್ತಾರೆ. ಸ್ಲೀವ್ ಅನ್ನುವುದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದು, ಬಾಳೆಕಾಯಿಯಷ್ಟು ಸಪೂರದ ಕೊಳವೆ ಉಳಿಸುತ್ತಾರೆ. ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ತೆಗೆದುಹಾಕುವ ಆ ಮೇಲಿನ ಭಾಗದಲ್ಲೇ. ಬೈಪಾಸಿನಲ್ಲಿ ಏನನ್ನೂ ತೆಗೆಯುವುದಿಲ್ಲ. ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರ ಜೋಡಿಸುತ್ತಾರೆ. ಬೈಪಾಸ್ ಆದ ಕೆಲವರಿಗೆ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಇಳಿಯುವುದನ್ನು ನನ್ನ ವಾರ್ಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಇನ್ಸುಲಿನ್ ಹಾಕಿಕೊಂಡು ಬಂದವರು ಅರ್ಧ ಡೋಸಿಗೆ ಇಳಿದು ಮನೆಗೆ ಹೋಗಿದ್ದಾರೆ.

ಅಮ್ಮ, ಇನ್ನು ಮುಂದಿನದು ನಿನಗೆ. ನಿನ್ನ ಪಾಲಿನ ಕೆಲಸವೇ ಜಾಸ್ತಿ.

ಆಪರೇಷನ್‌ಗೆ ಮುಂಚೆ ಸುಮಾರು ಎರಡು ವಾರ ಅನ್ನ, ಮುದ್ದೆ, ಸಿಹಿ ಎಲ್ಲ ತೀರಾ ಕಡಿಮೆ. ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಕೂತಿರುತ್ತದೆ, ಅದು ಕುಗ್ಗಿದರೆ ಮಾತ್ರ ಸರ್ಜನ್‌ಗೆ ಕೆಲಸ ಸುಲಭ. ಆಪರೇಷನ್ ಆದ ದಿನ ಸಂಜೆಯೇ ಎಬ್ಬಿಸಿ ನಡೆಸುತ್ತೇವೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ. ಕುಡಿಯಲು ನೀರನ್ನು ಔಷಧಿ ಅಳೆಯುವ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಕೊಡುತ್ತೇವೆ, 30 ಎಂಎಲ್. ಅಷ್ಟು ನೀರು ಮುಗಿಸಲು ದೊಡ್ಡ ಆಳುಗಳೂ ಹೊತ್ತು ತೆಗೆದುಕೊಳ್ಳುತ್ತಾರೆ. ತುಟಿಗೆ ತಾಗಿಸಿ, ನಿಲ್ಲಿಸಿ, ಮತ್ತೆ ತಾಗಿಸಿ. ಮೊದಲ ವಾರಗಳು ಬರೀ ನೀರಾಗಿರುವುದು, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ನಿನ್ನ ರಾಗಿ ಗಂಜಿ, ತಿಳಿ ಮಜ್ಜಿಗೆ ಡಯಟಿಷಿಯನ್ ಹೇಳಿದ ದಿನದಿಂದ ಕೊಡು.

ಮುದ್ದೆ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಮ್ಮಲ್ಲಿ ಮುದ್ದೆ ಅಗಿಯುವವರುಂಟಾ? ಸಾರಲ್ಲಿ ಅದ್ದಿ ನುಂಗುತ್ತೇವೆ. ಅವನು ಹಾಗೆ ನುಂಗಿದರೆ ಹೊಸ ಹೊಟ್ಟೆಯ ಬಾಯಲ್ಲೇ ಸಿಕ್ಕಿಕೊಂಡು ನೋವು, ವಾಂತಿ ಆಗುತ್ತದೆ. ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿಯಬೇಕು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ತಟ್ಟೆಯಲ್ಲಿ ಮೊಟ್ಟೆ, ಕಾಳು, ಮೀನು, ಮೊಸರು ಮೊದಲು ಹೋಗಬೇಕು, ಅನ್ನ ಕೊನೆಗೆ. ಹಬ್ಬದ ದಿನ ಒಬ್ಬಟ್ಟಿಗೆ ಹಾಲು ತುಪ್ಪ ಹಾಕಿ ಕೊಟ್ಟರೆ, ಬೈಪಾಸ್ ಆದವರಿಗೆ ಬೆವರು ಕಿತ್ತು, ಎದೆ ಹೊಡೆದುಕೊಂಡು, ತಲೆ ಸುತ್ತಬಹುದು. 'ಇನ್ನೊಂದು ಹಾಕಿಸ್ಕೋ ಮಗನೇ' ಅನ್ನುವುದು ನಿನ್ನ ಪ್ರೀತಿ, ನನಗೆ ಗೊತ್ತು. ಆ ಪ್ರೀತಿಯನ್ನು ಬೇರೆ ದಾರಿಯಲ್ಲಿ ತೋರಿಸಮ್ಮ. ಅವನು ಅರ್ಧ ಗಂಟೆ ಕೂತು ಪುಟ್ಟ ತಟ್ಟೆ ಮುಗಿಸುವಾಗ ಜೊತೆಗೆ ಕೂತುಕೋ.

ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ. ಹೊಲಿಗೆ ಹಾಕಿದ ಕಡೆ ಸೋರಬಹುದು, ರಕ್ತಸ್ರಾವ ಆಗಬಹುದು. ಅನುಭವಿ ಕೈಗಳಲ್ಲಿ ಜೀವಕ್ಕೆ ಅಪಾಯ ಸಾವಿರಕ್ಕೆ ಒಬ್ಬರ ಆಸುಪಾಸು. ಮುಂದೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರಿದರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ. ಇಲ್ಲಿ ಬಹಳ ಜನಕ್ಕೆ ಮೂರು ತಿಂಗಳಿಗೊಮ್ಮೆ ಬಿ12 ಇಂಜೆಕ್ಷನ್ ಕೊಡುತ್ತೇವೆ. ಮಂಡಿನೋವಿಗೆ ಅವನು ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಾನಲ್ಲ, ಐಬುಪ್ರೊಫೆನ್ ಮಾತ್ರೆ, ಬೈಪಾಸ್ ಆದರೆ ಅದನ್ನು ಮುಟ್ಟಲೇಬಾರದು. ಹುಣ್ಣಾಗುತ್ತದೆ. ತೂಕ ಕಾಲು ಭಾಗದಷ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿಯೂ ಇಳಿಯುತ್ತದೆ. ವರ್ಷಗಳು ಕಳೆದ ಮೇಲೆ ಒಂದಿಷ್ಟು ವಾಪಸ್ ಬರುವುದೂ ಉಂಟು. ಆಗ ಯಾರೂ ಅವನನ್ನು ಹಂಗಿಸಕೂಡದು.

ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಬಗ್ಗೆ ಅಮ್ಮ ಕೇಳಿದ್ದಳು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಒಳ್ಳೆಯ ಔಷಧಿಗಳೇ. ಆದರೆ ನಿಲ್ಲಿಸಿದರೆ ಬಹಳ ಜನಕ್ಕೆ ತೂಕ ಮರಳುತ್ತದೆ. ಅದನ್ನೂ ಡಾಕ್ಟರ ಹತ್ತಿರ ಕೇಳಲಿ.

ಅಪ್ಪ, ಮುಂದಿನ ಸಲ ಡಾಕ್ಟರ ಹತ್ತಿರ ನೀವೇ ಅವನ ಜೊತೆ ಹೋಗಿ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ, ಡಯಟಿಷಿಯನ್ ಇದ್ದಾರಾ, ಎರಡು ವರ್ಷ ಫಾಲೋಅಪ್ ಯಾರು ನೋಡುತ್ತಾರೆ ಅಂತ ಕೇಳಿ. ಉತ್ತರ ತೇಲಿಸಿದರೆ ಬೇರೆ ಕಡೆ ತೋರಿಸೋಣ. ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿ ನೋಡಿ. ಬಿಎಂಐ 40 ಇದ್ದು ಡಾಕ್ಟರ ಸಲಹೆ ಇದ್ದರೆ ಬೊಜ್ಜಿನ ಆಪರೇಷನ್ ಅನ್ನುವ ಕಾರಣಕ್ಕೇ ತಳ್ಳಿಹಾಕುವಂತಿಲ್ಲ. ಆದರೆ ಕಾಯುವ ಅವಧಿ ಇರಬಹುದು. ಅವನ ರಿಪೋರ್ಟುಗಳ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿ. ತೀರ್ಮಾನ ಅವನದೇ ಆಗಿರಲಿ. ಆದರೆ 'ನಾವಿದ್ದೀವಿ, ಮಾಡಿಸ್ಕೋ' ಅನ್ನುವ ಮಾತು ನಿಮ್ಮ ಬಾಯಿಂದ ಬರಬೇಕು. ಅದಕ್ಕೇ ಅವನು ಕಾಯುತ್ತಿದ್ದಾನೆ, ನನ್ನ ಹತ್ತಿರ ಹೇಳಿದ್ದಾನೆ.

ತಾರೀಖು ಗೊತ್ತಾದರೆ ರಜೆ ಹಾಕಿ ಬರುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ಆಗ ಅವನೂ ಪಕ್ಕದಲ್ಲೇ ಕೂತಿರಲಿ.

ನಿಮ್ಮ ಮಗಳು