ಥಾಯ್ಲೆಂಡಿನ ಅಗ್ಗದ ಜೀವನ: ನಿಮ್ಮ ಲೇಖನ ಬಿಟ್ಟ ಲೆಕ್ಕ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಥಾಯ್ಲೆಂಡಿನ ಬಗ್ಗೆ ಬಂದ ಲೇಖನ ಓದಿದೆ. ನಿವೃತ್ತಿ ಆದಮೇಲೆ ಬೆಂಗಳೂರಿನ ಖರ್ಚಿಗಿಂತ ಕಡಿಮೆಯಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆರಾಮಾಗಿ ಇರಬಹುದು, ವೀಸಾ ತಲೆನೋವೂ ಇಲ್ಲ, ಟಿಕೆಟ್ ತಗೊಂಡು ಹೊರಟರೆ ಆಯ್ತು ಅನ್ನೋ ಧಾಟಿಯಲ್ಲಿತ್ತು. ಅದನ್ನು ಓದಿ ಹಾಸನದ ಪರಿಚಯದವರು ನನಗೆ ಫೋನ್ ಮಾಡಿದರು. ನಿವೃತ್ತ ಮೇಷ್ಟ್ರೊಬ್ಬರು ಇರೋ ಒಂದು ಸೈಟ್ ಮಾರಿ ಬಂದುಬಿಡ್ತೀನಿ ಅಂದರು. ಇನ್ನೊಬ್ಬರು ಮಗನಿಗೆ ಅಲ್ಲಿ ಏನಾದ್ರೂ ಕೆಲಸ ಸಿಗುತ್ತಾ ಅಂತ ಕೇಳಿದರು. ಅದಕ್ಕೇ ಈ ಪತ್ರ.

ನಾನು, ನನ್ನ ಹೆಂಡತಿ ವರ್ಷದ ಹೆಚ್ಚು ಭಾಗ ಚಿಯಾಂಗ್ ಮಾಯ್‌ನಲ್ಲೇ ಇರುತ್ತೇವೆ. ಊರು ಚೆನ್ನಾಗಿದೆ, ಅದರಲ್ಲಿ ನಿಮ್ಮ ಲೇಖಕರು ಸುಳ್ಳು ಹೇಳಿಲ್ಲ. ಚೌಕಾಕಾರದ ಹಳೇ ಊರು, ಸುತ್ತ ಕಂದಕ, ಪಶ್ಚಿಮಕ್ಕೆ ಡೋಯ್ ಸುತೇಪ್ ಬೆಟ್ಟ. ಜನ ಮೆತ್ತಗೆ ಮಾತಾಡುತ್ತಾರೆ. ಸೊಂಗ್‌ತೇವ್ ಅನ್ನೋ ಕೆಂಪು ಬಾಡಿಗೆ ಗಾಡಿ ಹತ್ತಿದರೆ ಊರೆಲ್ಲ ಸುತ್ತಬಹುದು. ಆದರೆ ಎರಡು ವಾರ ತಿರುಗಾಡಲು ಬರುವವರು, ಎರಡು ತಿಂಗಳು ಇದ್ದು ಹೋಗುವವರು, ಲ್ಯಾಪ್‌ಟಾಪ್ ಹಿಡಿದು ಬರುವವರು, ನಿವೃತ್ತರು, ಕೆಲಸ ಹುಡುಕುವ ಹುಡುಗರು, ಎಲ್ಲರನ್ನೂ ಆ ಲೇಖನ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಈ ದೇಶ ಹಾಗೆ ನಿಲ್ಲಿಸುವುದಿಲ್ಲ. ನೀವು ಯಾವ ಕಾಗದ ಹಿಡಿದು ಒಳಗೆ ಬಂದಿರಿ ಅನ್ನೋದರ ಮೇಲೆ ಇಲ್ಲಿ ನಿಮ್ಮ ಬದುಕು ನಿಂತಿದೆ.

ಮೊದಲು ವೀಸಾ ತಲೆನೋವಿಲ್ಲ ಅನ್ನೋ ಮಾತಿನ ವಿಷಯ. 2024ರ ಜುಲೈ 15ರಿಂದ ಭಾರತವೂ ಸೇರಿ 93 ದೇಶಗಳವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟರು, ನಿಜ. ಇಮಿಗ್ರೇಷನ್ ಆಫೀಸಿಗೆ ಹೋಗಿ 1,900 ಬಾತ್ (ಬಾತ್ ಅಂದರೆ ಇಲ್ಲಿನ ದುಡ್ಡು) ಕಟ್ಟಿ ಇನ್ನೂ 30 ದಿನ ಕೇಳಬಹುದು. ಆದರೆ ಅದು ಪ್ರವಾಸಿಗರಿಗೆ ಕೊಟ್ಟ ಸೌಲಭ್ಯ. ಮರುವರ್ಷವೇ ಅದನ್ನು ಮತ್ತೆ 30ಕ್ಕೆ ಇಳಿಸುವ ಮಾತು ಸರ್ಕಾರದಲ್ಲೇ ಶುರುವಾಯಿತು. ಆದ್ದರಿಂದ ಹೊರಡುವ ಮುಂಚೆ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳಿ, ಯೂಟ್ಯೂಬ್ ಅಲ್ಲ. ಇನ್ನು ಅವಧಿ ಮುಗಿಯುವ ಹೊತ್ತಿಗೆ ಲಾವೋಸ್ ಗಡಿ ದಾಟಿ ವಾಪಸ್ ಬಂದು ಹೊಸ ಮುದ್ರೆ ಹಾಕಿಸಿಕೊಳ್ಳೋದು ಅಂತ ನಿಮ್ಮ ಲೇಖಕರು ಉಪಾಯ ಕೊಟ್ಟಿದ್ದಾರಲ್ಲ, ಅದು ಹಳೇ ಆಟ. ಗಡಿಯಲ್ಲಿ ಕೂತ ಅಧಿಕಾರಿಗೆ ಪಾಸ್‌ಪೋರ್ಟಿನ ಪುಟ ತಿರುವಿದರೆ ಎಲ್ಲ ಗೊತ್ತಾಗುತ್ತದೆ. ಒಳಗೆ ಬಿಡಲ್ಲ ಅಂದರೆ ಮುಗೀತು, ಬಾಡಿಗೆ ಮನೆಯಲ್ಲಿ ನಿಮ್ಮ ಪಾತ್ರೆ ಪಡಗ ಅಲ್ಲೇ ಉಳಿಯುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ದಂಡ ಕಟ್ಟಿದರೆ ಆಯ್ತು ಅಂತ ತಿಳಿಯಬೇಡಿ. 90 ದಿನ ಮೀರಿದ್ದರೆ ನೀವಾಗೇ ಹೊರಟರೂ ಒಂದು ವರ್ಷ ಈ ಕಡೆ ತಲೆ ಹಾಕುವಂತಿಲ್ಲ. ಹೊರಡುವ ಮುಂಚೆಯೇ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ನಿಮ್ಮ ಓದುಗರಲ್ಲಿ ಅವರಂಥವರೇ ಜಾಸ್ತಿ.

50 ವರ್ಷ ದಾಟಿದವರಿಗೆ ನಿವೃತ್ತಿ ಲೆಕ್ಕದಲ್ಲಿ ವರ್ಷವರ್ಷ ಇರಲು ಅನುಮತಿ ಸಿಗುತ್ತದೆ. ಅದಕ್ಕೆ ಇಲ್ಲಿನ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ 8 ಲಕ್ಷ ಬಾತ್ ಇರಬೇಕು, ಅಂದರೆ 20 ಲಕ್ಷ ರೂಪಾಯಿಗೂ ಜಾಸ್ತಿ. ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ನಮ್ಮ ರಾಜ್ಯದಲ್ಲಿ ಎಷ್ಟು ಜನ ನಿವೃತ್ತರಿಗೆ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಮೀರಿ ಪಿಂಚಣಿ ಬರುತ್ತದೆ, ನೀವೇ ಹೇಳಿ. ಹಾಗಾಗಿ ಬಹಳ ಜನಕ್ಕೆ ಉಳಿಯುವುದು ಠೇವಣಿಯ ದಾರಿ. ಆ ದುಡ್ಡು ಅರ್ಜಿ ಹಾಕುವ ಎರಡು ತಿಂಗಳು ಮುಂಚೆಯಿಂದ ಖಾತೆಯಲ್ಲಿ ಇರಬೇಕು, ಅನುಮತಿ ಸಿಕ್ಕ ಮೇಲೆ ಮೂರು ತಿಂಗಳು ಮುಟ್ಟುವಂತಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು, ಅಷ್ಟರಲ್ಲಿ ಮುಂದಿನ ವರ್ಷದ ಅರ್ಜಿ ಬರುತ್ತದೆ, ಮತ್ತೆ 8 ಲಕ್ಷ ತುಂಬಿಸಬೇಕು. ಅಂದರೆ ಇದು ಖರ್ಚಿಗೆ ಸಿಗುವ ದುಡ್ಡೇ ಅಲ್ಲ. ಸೈಟ್ ಮಾರಿ ಬಂದ ಹಣ ಇಲ್ಲೇ ಕಟ್ಟಿಹಾಕಿದರೆ ಊಟಕ್ಕೆ ಏನು ಮಾಡುತ್ತೀರಿ?

ಆ ಹಣ ಇಲ್ಲಿಗೆ ತರೋದೂ ಸುಮ್ನೆ ಅಲ್ಲ. ಭಾರತದಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿಗಿಂತ ಹೆಚ್ಚು ಹೊರಗೆ ಕಳಿಸಿದರೆ, ಓದು ಅಥವಾ ಚಿಕಿತ್ಸೆಗೆ ಅಲ್ಲದಿದ್ದರೆ, ಹೆಚ್ಚಿನ ಮೊತ್ತದ ಮೇಲೆ ಬ್ಯಾಂಕಿನವರು ಶೇ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಲಿ ಇರಲ್ಲ. ಕಳಿಸುವಾಗ ಬ್ಯಾಂಕಿನಿಂದ ಒಟಿಪಿ ಬರಬೇಕಲ್ಲ, ಅದಕ್ಕೆ ಊರಿನ ಸಿಮ್ ಜೀವಂತ ಇಟ್ಟುಕೊಳ್ಳಲೇಬೇಕು. ನನ್ನ ಹೆಂಡತಿ ತನ್ನ ಹಳೇ ಫೋನಿಗೆ ಒಟಿಪಿ ಫೋನ್ ಅಂತಲೇ ಹೆಸರಿಟ್ಟಿದ್ದಾಳೆ. ಇನ್ನು ನವೆಂಬರ್ ಬಂದರೆ ಪಿಂಚಣಿದಾರರಿಗೆ ಜೀವಿತ ಪ್ರಮಾಣಪತ್ರದ ಚಿಂತೆ. ಇಲ್ಲಿ ಮಾತ್ರ ಸ್ವಲ್ಪ ಸಮಾಧಾನ ಇದೆ, ಚಿಯಾಂಗ್ ಮಾಯ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ, ಮುಖ ತೋರಿಸಿ ಮೊಬೈಲಿನಲ್ಲೇ ಮುಗಿಸುವ ವ್ಯವಸ್ಥೆಯೂ ಬಂದಿದೆ.

ಅನುಮತಿ ಸಿಕ್ಕ ಮೇಲೂ ಕಾಗದದ ಕೆಲಸ ಮುಗಿಯಲ್ಲ. 90 ದಿನಕ್ಕೊಮ್ಮೆ ನಾನು ಇಲ್ಲೇ ಇದ್ದೇನೆ, ಇದೇ ವಿಳಾಸ ಅಂತ ಇಮಿಗ್ರೇಷನ್‌ಗೆ ವರದಿ ಕೊಡಬೇಕು. ಆನ್‌ಲೈನಿನಲ್ಲೂ ಆಗುತ್ತದೆ, ವೆಬ್‌ಸೈಟಿನ ಮನಸ್ಸು ಸರಿ ಇದ್ದರೆ. ಮರೆತರೆ 2,000 ಬಾತ್ ದಂಡ. ವಿದೇಶದವರು ಮನೆಗೆ ಬಂದ 24 ಗಂಟೆಯಲ್ಲಿ ಮನೆ ಮಾಲೀಕರು ಟಿಎಂ30 ಅನ್ನೋ ಫಾರಂನಲ್ಲಿ ತಿಳಿಸಬೇಕು. ನಮ್ಮ ಮೊದಲ ಮನೆಯ ಮಾಲೀಕರು ಅದನ್ನು ಸಲ್ಲಿಸಿರಲೇ ಇಲ್ಲ. ನಾವು ಬೆಳಗ್ಗೆಯಿಂದ ಟೋಕನ್ ಹಿಡಿದು ಕೂತು ಕೌಂಟರ್ ತಲುಪಿದಾಗ ಅದೊಂದು ಕಾಗದ ಇಲ್ಲ ಅಂತ ವಾಪಸ್ ಕಳಿಸಿದರು. ಫಾರಂ ಕೊಡಬೇಕಾದ್ದು ಅವರು, ಓಡಾಡಿದ್ದು ನಾವು. ಇದಕ್ಕಿಂತ ದೊಡ್ಡ ಗುಂಡಿ ಒಂದಿದೆ. ಮದುವೆ, ತಿಥಿ ಅಂತ ಊರಿಗೆ ಹೊರಡುವ ಮುಂಚೆ ರೀ ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಬೇಕು, ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಅದಿಲ್ಲದೆ ವಿಮಾನ ಹತ್ತಿದರೆ ವರ್ಷದ ಅನುಮತಿ ಅಲ್ಲಿಗೇ ರದ್ದು, ಮತ್ತೆ ಮೊದಲಿಂದ ಶುರು ಮಾಡಬೇಕು. ಸಾವಿನ ಸುದ್ದಿ ಬಂದು ರಾತ್ರೋರಾತ್ರಿ ಹೊರಡುವವರಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ?

ತೆರಿಗೆಯ ವಿಚಾರವನ್ನೂ ನಿಮ್ಮ ಲೇಖನ ಎತ್ತಿಲ್ಲ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಇಲ್ಲಿದ್ದರೆ ನೀವು ಇಲ್ಲಿನ ತೆರಿಗೆ ನಿವಾಸಿ. 2024ರ ಜನವರಿಯಿಂದ ಹೊರಗಿನ ಆದಾಯವನ್ನು ಇಲ್ಲಿಗೆ ತಂದರೆ ಅದು ತೆರಿಗೆ ಲೆಕ್ಕಕ್ಕೆ ಬರುತ್ತದೆ. ಎರಡೂ ದೇಶಗಳ ನಡುವೆ ಒಪ್ಪಂದ ಇದೆ, ಒಂದೇ ದುಡ್ಡಿಗೆ ಎರಡು ಕಡೆ ಕಟ್ಟಬೇಕು ಅಂತಲ್ಲ. ಆದರೆ ಬರುವ ಮುಂಚೆ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಿ.

ಎಲ್ಲಕ್ಕಿಂತ ನನಗೆ ಭಯ ಇರುವುದು ಆರೋಗ್ಯದ್ದು. ಇಲ್ಲಿನ ಖಾಸಗಿ ಆಸ್ಪತ್ರೆಗಳು ಬಹಳ ಚೆನ್ನಾಗಿವೆ, ಬಿಲ್ಲೂ ಅಷ್ಟೇ ಚೆನ್ನಾಗಿರುತ್ತದೆ. ನಮ್ಮ ಊರಿನ ಸಾಮಾನ್ಯ ಆರೋಗ್ಯ ವಿಮೆ ಇಲ್ಲಿ ನಡೆಯಲ್ಲ. 70ರ ಹತ್ತಿರ ಬಂದು, ಸಕ್ಕರೆ ಕಾಯಿಲೆ, ಬಿಪಿ ಅಂತ ಬರೆದುಕೊಟ್ಟರೆ ಹೊಸದಾಗಿ ವಿಮೆ ಕೊಡುವವರು ಸಿಗೋದೇ ಕಷ್ಟ, ಸಿಕ್ಕರೂ ಕಂತು ಕೇಳಿದರೆ ಬಿಪಿ ಇನ್ನೂ ಏರುತ್ತದೆ. ಅಗ್ಗದ ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಒಂದು ಸೊಂಟದ ಮೂಳೆಗೆ ಹೋಗುತ್ತದೆ. ಸ್ಕೂಟರ್ ಬಾಡಿಗೆಗೆ ತಗೊಳ್ಳುವವರಿಗೂ ಇದೇ ಮಾತು. ಬೈಕಿಗೂ ಸಲ್ಲುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಏಷ್ಯಾದಲ್ಲೇ ರಸ್ತೆ ಸಾವು ಹೆಚ್ಚಿರುವ ದೇಶಗಳಲ್ಲಿ ಇದೂ ಒಂದು.

ನಿಮ್ಮ ಲೇಖನದ ಜೊತೆ ಬಂದ ಫೋಟೊಗಳಲ್ಲಿ ಬೆಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು, ಆಕಾಶ ನೀಲಿ. ನವೆಂಬರ್, ಡಿಸೆಂಬರಿನಲ್ಲಿ ತೆಗೆದದ್ದು ಇರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಂದು ನೋಡಲಿ. ಉತ್ತರ ಥಾಯ್ಲೆಂಡಿನಲ್ಲಿ, ಪಕ್ಕದ ಮ್ಯಾನ್ಮಾರ್ ಮತ್ತು ಲಾವೋಸಿನಲ್ಲಿ ಮುಸುಕಿನ ಜೋಳದ ಕೂಳೆ ಸುಡುತ್ತಾರೆ, ಕಾಡಿಗೂ ಬೆಂಕಿ ಬೀಳುತ್ತದೆ. ಚಿಯಾಂಗ್ ಮಾಯ್ ಸುತ್ತ ಬೆಟ್ಟ ಇರುವ ತಗ್ಗು, ಹೊಗೆ ಹೊರಗೆ ಹೋಗಲ್ಲ. ಮಾರ್ಚಿನ ಕೆಲವು ದಿನ ಲೋಕದಲ್ಲೇ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿಯಲ್ಲಿ ಇದು ಮೊದಲ ಸ್ಥಾನಕ್ಕೆ ಹೋಗುತ್ತದೆ. ಮನೆಯಿಂದ ಡೋಯ್ ಸುತೇಪ್ ಕಾಣುವುದೇ ಇಲ್ಲ. ಕಿಟಕಿ ಮುಚ್ಚಿ, ಗಾಳಿ ಶುದ್ಧ ಮಾಡುವ ಯಂತ್ರ ಹಾಕಿಕೊಂಡು ಕೂರಬೇಕು. ಅನುಕೂಲ ಇದ್ದವರು ಆ ತಿಂಗಳುಗಳಲ್ಲಿ ದಕ್ಷಿಣದ ಸಮುದ್ರದ ಕಡೆ ಹೋಗುತ್ತಾರೆ, ನಾವು ಹಾಸನಕ್ಕೆ ಬರುತ್ತೇವೆ. ಹಾಗೆ ಊರು ಬಿಟ್ಟಾಗಲೂ ಇಲ್ಲಿನ ಬಾಡಿಗೆ ಕಟ್ಟುತ್ತಲೇ ಇರಬೇಕಲ್ವಾ? ಅಗ್ಗದ ಲೆಕ್ಕದಲ್ಲಿ ಅದನ್ನೂ ಸೇರಿಸಿ. ವಿದ್ಯುತ್ತನ್ನೂ ಸೇರಿಸಿ, ಅಪಾರ್ಟ್‌ಮೆಂಟಿನವರು ಎಷ್ಟೋ ಕಡೆ ಸರ್ಕಾರಿ ದರಕ್ಕಿಂತ ಜಾಸ್ತಿ ಹಾಕುತ್ತಾರೆ, ಏಪ್ರಿಲ್ ಸೆಕೆಯಲ್ಲಿ ಏಸಿ ಇಲ್ಲದೆ ಆಗಲ್ಲ. ಮನೆ ಕೊಂಡುಬಿಡೋಣ ಅಂದರೆ ಜಮೀನು ವಿದೇಶದವರ ಹೆಸರಿಗೆ ಆಗಲ್ಲ. ಕಾಂಡೊ, ಅಂದರೆ ಅಪಾರ್ಟ್‌ಮೆಂಟಿನ ಮನೆ ಕೊಳ್ಳಬಹುದು, ಅದೂ ವಿದೇಶದವರೆಲ್ಲ ಸೇರಿ ಒಂದು ಕಟ್ಟಡದ ಒಟ್ಟು ಜಾಗದಲ್ಲಿ ಶೇ 49ರ ಒಳಗೆ.

ಊಟದ ಬಗ್ಗೆ ಬರೆಯದಿದ್ದರೆ ನನ್ನ ಹೆಂಡತಿ ಬಿಡಲ್ಲ. ತೆಂಗಿನಕಾಯಿ, ಹಲಸು, ಹುಣಸೆ, ಬಾಳೆ, ಎಲ್ಲ ಸಿಗುತ್ತದೆ. ಆದರೆ ತರಕಾರಿ ಪಲ್ಯ ಅಂತ ಕೊಟ್ಟಿದ್ದಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಮಾಂಸ ತಿನ್ನದವರು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಜೇ ಅಂತ ಬರೆದ ಅಂಗಡಿ ಹುಡುಕಬೇಕು. ಅಲ್ಲಿ ಮೊಟ್ಟೆ ಹಾಲು ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಡಿ ಹೆಂಗಸರೂ ಒಪ್ಪುವಂಥ ಅಡುಗೆ.

ಲ್ಯಾಪ್‌ಟಾಪ್ ಹುಡುಗರಿಗೆ 2024ರಿಂದ ಡಿಟಿವಿ ಅನ್ನೋ ವೀಸಾ ಇದೆ. ಖಾತೆಯಲ್ಲಿ 5 ಲಕ್ಷ ಬಾತ್‌ನಷ್ಟು ಹಣ ತೋರಿಸಿದರೆ ಐದು ವರ್ಷದ ವೀಸಾ, ಒಂದು ಸಲ ಬಂದರೆ 180 ದಿನ. ಹೊರದೇಶದ ಕಂಪನಿಗೆ ಕೆಲಸ ಮಾಡುವವರಿಗೆ ಒಳ್ಳೆಯದೇ. ಇಲ್ಲಿನ ಕಂಪನಿಗೆ ಮಾಡುವಂತಿಲ್ಲ.

ಇಲ್ಲಿನ ಕೆಲಸ ಅಂದಾಗ ಆ ಹುಡುಗನ ಅಪ್ಪ ನೆನಪಾಗುತ್ತಾರೆ. ವರ್ಕ್ ಪರ್ಮಿಟ್ ಇಲ್ಲದೆ ದುಡಿದರೆ 5,000ದಿಂದ 50,000 ಬಾತ್ ದಂಡ, ಮೇಲೆ ಗಡೀಪಾರು. ಟೂರಿಸ್ಟ್ ಗೈಡ್, ಕ್ಷೌರ, ಬೀದಿ ವ್ಯಾಪಾರದಂಥ ಕೆಲಸಗಳು ಇಲ್ಲಿನವರಿಗೇ ಮೀಸಲು. ಇದು ಕಾನೂನಿನ ಮಾತಾಯಿತು. ಅದಕ್ಕಿಂತ ಕೆಟ್ಟದ್ದು ಬೇರೆ ನಡೆಯುತ್ತಿದೆ. ವೀಸಾ ಬೇಡ ಅನ್ನೋ ಸೌಲಭ್ಯವನ್ನೇ ಹಿಡಿದುಕೊಂಡು ಏಜೆಂಟರು ನಮ್ಮ ಹುಡುಗರಿಗೆ ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಒಳ್ಳೇ ಸಂಬಳ ಅಂತ ಆಸೆ ತೋರಿಸುತ್ತಾರೆ. ವಿಮಾನ ಇಳಿದವರನ್ನು ಕಾರಿನಲ್ಲಿ ಪಶ್ಚಿಮದ ಗಡಿಯ ಮೇ ಸೋಟ್‌ಗೆ ಕರೆದೊಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆ ತಳ್ಳುತ್ತಾರೆ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಕಾವಲಿಟ್ಟು, ಆನ್‌ಲೈನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಕೂರಿಸುತ್ತಾರೆ. 2025ರ ಮಾರ್ಚ್ 10ರಂದು ನಮ್ಮ ವಾಯುಪಡೆಯ ವಿಮಾನ ಮೇ ಸೋಟ್‌ನಿಂದ ಇಂಥ 283 ಭಾರತೀಯರನ್ನು ವಾಪಸ್ ಕರೆದುಕೊಂಡು ಬಂತು. ಆಮೇಲೂ ಇಂಥ ವಿಮಾನಗಳು ಹೋಗಿಬಂದವು. ಆ ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: ವರ್ಕ್ ಪರ್ಮಿಟ್ ಯಾರು ಮಾಡಿಸುತ್ತಾರೆ, ಯಾವ ವೀಸಾದಲ್ಲಿ ಕರೆಸಿಕೊಳ್ಳುತ್ತಾರೆ ಅಂತ ಬರಹದಲ್ಲಿ ಕೇಳಿ. ಟೂರಿಸ್ಟ್ ಆಗಿ ಬಾ, ಬಂದಮೇಲೆ ಮಾಡಿಸೋಣ ಅಂದರೆ ಮಗನನ್ನು ಕಳಿಸಬೇಡಿ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಬಾಲಿ, ವಿಯೆಟ್ನಾಂ, ಥಾಯ್ಲೆಂಡ್, ಯಾವುದರ ಬಗ್ಗೆ ಬರೆಸಿದರೂ ಲೇಖಕರು ಯಾವ ವೀಸಾದಲ್ಲಿ, ವರ್ಷದ ಯಾವ ತಿಂಗಳಲ್ಲಿ, ಎಷ್ಟು ದಿನ ಇದ್ದರು ಅಂತ ಲೇಖನದ ಕೆಳಗೆ ಹಾಕಿ. ಒಂದು ವಾರ ಇದ್ದವರು ಒಂದು ವಾರದ್ದೇ ಬರೆಯಲಿ, ಅದೂ ಓದಲು ಚೆನ್ನಾಗೇ ಇರುತ್ತದೆ. ವಿದೇಶದ ಕೆಲಸದ ಜಾಹೀರಾತು ಯಾವುದಾದರೂ ಪತ್ರಿಕೆಯ ಕ್ಲಾಸಿಫೈಡ್ ಪುಟಕ್ಕೆ ಬಂದರೆ, ದುಡ್ಡು ತಗೊಳ್ಳುವ ಮುಂಚೆ ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ, ಸಂಖ್ಯೆ ಸಮೇತ ಅಚ್ಚು ಹಾಕಿ. ಸಂಖ್ಯೆ ಇಲ್ಲ ಅಂದವರ ಜಾಹೀರಾತು ಬೇಡ.

ಇಂತಿ,
ನಿಮ್ಮ ಹಳೇ ಓದುಗ
ಚಿಯಾಂಗ್ ಮಾಯ್ (ಸ್ವಂತ ಊರು ಹಾಸನ)